ಗುರುವಾರದ ರೊಟ್ಟಿ

“ಉದ್ದು ನೆನೆಹಾಕಿದ್ದೀಯಾ?”

ನೆರೆಯ ಪೆಣ್ಣಮ್ಮ ಚೇಟತ್ತಿ, ಊರಿಗೆಲ್ಲ ಅಕ್ಕನಾದವಳು, ಹಿತ್ತಲ ಬಾಗಿಲಲ್ಲೇ ನಿಂತು ಕೇಳಿದಳು. ಕಾಲುವೆಯ ಆಚೆ ದಡದಿಂದ ತಾನೇ ಹುಟ್ಟು ಹಾಕಿಕೊಂಡು ಬಂದಿದ್ದಳು. ನೈಟಿಯ ಅಂಚು ಒದ್ದೆಯಾಗಿತ್ತು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಎಲ್ಸಿ ತಲೆ ಎತ್ತದೆ ಬೋಗುಣಿಯ ಉದ್ದಿನಬೇಳೆಯನ್ನು ಇನ್ನೊಂದು ನೀರಿನಲ್ಲಿ ತೊಳೆದು, ಹೂಂ ಎಂದಳು. ಪೆಣ್ಣಮ್ಮ ಬಂದದ್ದು ಬೇರೆಯೇ ಮಾತು ಹೇಳುವುದಕ್ಕೆ ಎಂಬುದು ಅವಳಿಗೆ ಗೊತ್ತಿತ್ತು. ಸಂಜೆಗೆ ರೊಟ್ಟಿ, ಹಾಲು ಎರಡನ್ನೂ ನಮ್ಮ ಮನೆಯಿಂದಲೇ ಕಳಿಸುತ್ತೇನೆ, ನೀನು ಒಲೆಯ ಹತ್ತಿರ ಹೋಗಬೇಡ ಎನ್ನುವ ಮಾತು. ಅದೀಗ ಅವಳ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತ್ತು. ಮಾತು ನುಂಗಿ ಅಭ್ಯಾಸವಿಲ್ಲದ ಹೆಂಗಸು, ಪಾಪ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒದ್ದಾಡಿದಳು.

“ನಾನೇನೂ ಹೇಳೋದಿಲ್ಲಮ್ಮ. ನಿನ್ನ ಮನೆ, ನಿನ್ನ ಒಲೆ. ಆದರೆ ನೋಡೋರು ಏನಂತಾರೆ?”

“ಏನಂತಾರೆ ಚೇಟತ್ತಿ?”

ಪೆಣ್ಣಮ್ಮ, ತೆಂಗಿನಕಾಯಿ ಬೇಕಿದ್ದರೆ ಹೇಳು, ನಮ್ಮಲ್ಲಿ ಸುಲಿದದ್ದು ಇದೆ ಎಂದು ಏನೋ ಒಂದು ಹೇಳಿ ದೋಣಿ ಹತ್ತಿದಳು. ಆಚೆ ದಡ ಮುಟ್ಟುವಷ್ಟರಲ್ಲಿ ಎರಡು ಸಲ ಹಿಂತಿರುಗಿ ನೋಡಿದಳು.

ನೋಡುವವರು ಏನನ್ನುತ್ತಾರೆಂಬುದು ಎಲ್ಸಿಗೆ ತಿಳಿಯದ್ದೇನಲ್ಲ. ಈಸ್ಟರಿಗೆ ಮುಂಚಿನ ಈ ಗುರುವಾರ ಪುತ್ತನ್‌ತುರುತ್ತಿನ ಪ್ರತಿ ಕ್ರೈಸ್ತ ಮನೆಯಲ್ಲೂ ಪೆಸಹಾ ರೊಟ್ಟಿ ಬೇಯುತ್ತದೆ. ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ, ಒಂದಿಷ್ಟು ಬೆಳ್ಳುಳ್ಳಿ ಜೀರಿಗೆ. ಹುಳಿ ಬರಿಸದೆ, ಅರೆದ ದಿನವೇ ತಟ್ಟೆಗೆ ಹುಯ್ದು ಹಬೆಯಲ್ಲಿ ಬೇಯಿಸುವ ದಪ್ಪ ರೊಟ್ಟಿ. ಅದರ ಮೇಲೆ ನಾಲ್ಕು ದಿನ ಮೊದಲು, ಗರಿಗಳ ಭಾನುವಾರ, ಚರ್ಚಿನಲ್ಲಿ ಕೊಟ್ಟ ಎಳೆ ತೆಂಗಿನಗರಿಯ ಶಿಲುಬೆ, ಜೊತೆಗೆ ಅದ್ದಿ ತಿನ್ನಲು ಬೆಲ್ಲ ಹಾಕಿದ ತೆಂಗಿನಹಾಲು. ಕರ್ತನು ಶಿಷ್ಯರ ಜೊತೆ ಕೊನೆಯ ಸಲ ಊಟಕ್ಕೆ ಕೂತ ಸಂಜೆಯೆಂದು, ಕತ್ತಲಾದ ಮೇಲೆ ಮನೆಯ ಯಜಮಾನ ಪ್ರಾರ್ಥನೆ ಹೇಳಿ, ರೊಟ್ಟಿಯನ್ನು ಕತ್ತರಿಸಿ ಹಿರಿಯರಿಂದ ಕಿರಿಯರವರೆಗೆ ಹಂಚುತ್ತಾನೆ. ವರ್ಷದೊಳಗೆ ಸಾವಾದ ಮನೆಯಲ್ಲಿ ಮಾತ್ರ ಮಾಡುವಂತಿಲ್ಲ. ಆ ಮನೆಗೆ ನೆಂಟರೋ ನೆರೆಯವರೋ ತಂದುಕೊಡುತ್ತಾರೆ, ಮನೆಯವರು ತಗೊಳ್ಳುತ್ತಾರೆ. ಹೀಗೆ ಸಾವಾದ ಮನೆಗೊಂದು ದಾರಿ, ಆಗದ ಮನೆಗೊಂದು ದಾರಿ ಎರಡೂ ನೆಟ್ಟಗೆ ಇದ್ದವು. ಯಜಮಾನ ಇದ್ದಾನೋ ಇಲ್ಲವೋ ಎಂದು ಯಾರಿಗೂ ತಿಳಿಯದ ಮನೆ ಏನು ಮಾಡಬೇಕೆಂದು ಮಾತ್ರ ಹಿರಿಯರು ಯಾರೂ ಹೇಳಿಟ್ಟುಹೋಗಿರಲಿಲ್ಲ.

ಕಳೆದ ಓಣಂ ಮುಗಿದ ವಾರ ಎಲ್ಸಿಯ ಗಂಡ ಚಾಕೋಚ್ಚನ್ ಬೆಳಿಗ್ಗೆ ಹಾಲಿಲ್ಲದ ಕಟ್ಟಂಚಾಯ ಕುಡಿದು, ನಿನ್ನೆಯ ಮೀನುಸಾರು ಹಾಗೇ ಇಟ್ಟಿರು, ಮಧ್ಯಾಹ್ನ ಬಂದು ಉಣ್ಣುತ್ತೇನೆ ಎಂದು ಹೇಳಿ ದೋಣಿ ಬಿಟ್ಟುಕೊಂಡು ಹೋದ. ಕಾಯಲು ಎಂಬ ಹಿನ್ನೀರಿನ ಆಚೆ, ಗದ್ದೆಯ ನೀರೆತ್ತುವ ಮೋಟಾರು ಶೆಡ್ಡು ನೋಡಿಕೊಳ್ಳುವುದು ಅವನ ಕೆಲಸ. ಶೆಡ್ಡಿಗೆ ಅವನು ಹೋಗಿ ಸೇರಲಿಲ್ಲ. ದೋಣಿ ಮಾತ್ರ ಎರಡು ದಿನದ ಮೇಲೆ ಅಂತರಗಂಗೆಯ ಬಳ್ಳಿಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಅದರೊಳಗೆ ಅವನ ಟವೆಲು ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು, ಟವೆಲಿನ ಮೇಲೆ ಮೊಬೈಲು. ಅಗ್ನಿಶಾಮಕದವರು ಬಂದು ಮುಳುಗಿ ಹುಡುಕಿದರು. ಊರಿನ ಗಂಡಸರು ಬಿದಿರ ಗಳದಿಂದ ತಳ ತಡಕಿದರು. ಏನೂ ಸಿಗಲಿಲ್ಲ.

ಅಂದಿನಿಂದ ಚಹಾ ಅಂಗಡಿ ಎರಡು ಪಕ್ಷವಾಯಿತು. ಮಧ್ಯಾಹ್ನಕ್ಕೆ ಮೀನುಸಾರು ಇಡು ಅಂದವನು ಮನೆ ಬಿಟ್ಟು ಓಡಿಹೋಗುತ್ತಾನೆಯೇ ಎಂದು ಒಂದು ಪಕ್ಷ. ಕಾಲುಜಾರಿ ನೀರಿಗೆ ಬೀಳುವವನು ಟವೆಲು ಮಡಿಸಿಡುತ್ತಾನೆಯೇ ಎಂದು ಇನ್ನೊಂದು. ಈ ಎರಡಕ್ಕೂ ಸೇರದ ಮೂರನೆಯ ಸಾಧ್ಯತೆಯೊಂದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಒಮ್ಮೊಮ್ಮೆ ಯೋಚಿಸಿದರು. ವಾದ ಮಾಡಿ ಮಾಡಿ ಊರಿಗೇ ಬೇಸರ ಬಂದು, ಮಾತು ಕೊಯ್ಲು ಯಂತ್ರದ ಬಾಡಿಗೆಯ ಕಡೆಗೆ ತಿರುಗಿತು. ಎಲ್ಸಿಗೆ ಹಾಗೆ ತಿರುಗಲು ಬೇರೆ ಮಾತಿರಲಿಲ್ಲ. ಮೀನುಸಾರನ್ನು ಅವಳು ಹಳಸುವವರೆಗೂ ಇಟ್ಟುಕೊಂಡಿದ್ದಳು.

ಕ್ರಿಸ್‌ಮಸ್ ಹೊತ್ತಿಗೆ ವೇಳಾಂಕಣ್ಣಿ ಯಾತ್ರೆಗೆ ಹೋಗಿ ಬಂದ ಮಾತ್ತುಕುಟ್ಟಿ ಎಂಬುವನು, ಅಲ್ಲಿನ ಬಸ್ ನಿಲ್ದಾಣದಲ್ಲಿ ಚಾಕೋಚ್ಚನ ಹಾಗಿರುವ ಒಬ್ಬನನ್ನು ಕಂಡೆ, ಗಡ್ಡ ಬಿಟ್ಟಿದ್ದ ಎಂದು ಹೇಳಿದ. ಕಂಡದ್ದು ಚಲಿಸುವ ಬಸ್ಸಿನ ಕಿಟಕಿಯಿಂದ. ಆದರೂ ಎಲ್ಸಿ ಮಗಳು ಟಿಂಟುವನ್ನು ಕರೆದುಕೊಂಡು, ಮದುವೆಯ ಫೋಟೋ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಮೇಣದ ಬತ್ತಿ ಮಾರುವವರು, ತಲೆ ಬೋಳಿಸುವವರು, ಲಾಡ್ಜಿನ ಹುಡುಗರು, ಎಲ್ಲರ ಮುಂದೂ ಫೋಟೋ ಹಿಡಿದಳು. ಅದರಲ್ಲಿ ಚಾಕೋಚ್ಚನಿಗೆ ಇಪ್ಪತ್ತೆಂಟು ವರ್ಷ, ಕೋಟು ಬೇರೆ. ಒಬ್ಬ ಹುಡುಗ ಫೋಟೋವನ್ನು ತುಂಬಾ ಹೊತ್ತು ನೋಡಿ, ಅಕ್ಕ, ಇದರಲ್ಲಿ ಇರೋದು ನೀವಾ ಎಂದು ಕೇಳಿದ. ಅಷ್ಟೇ ಸಿಕ್ಕಿದ್ದು.

ಪೊಲೀಸರು ಏಳು ವರ್ಷ ಕಾಯಬೇಕು, ಆಮೇಲಷ್ಟೇ ಸತ್ತನೆಂಬ ಕಾಗದ ಎಂದರು. ಎಲ್ಲರೂ ಅಚ್ಚ ಎಂದು ಕರೆಯುವ ಚರ್ಚಿನ ಪಾದ್ರಿಯವರನ್ನು ಅವಳು ಗರಿಗಳ ಭಾನುವಾರದ ಪೂಜೆಯಾದ ಮೇಲೆ ಕೇಳಿದಳು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಹೊಸದಾಗಿ ಬಂದವರು. ರೊಟ್ಟಿ ಮಾಡಲೋ ಬೇಡವೋ ಎಂದು ಕೇಳಿದ್ದಕ್ಕೆ, ಮಾಡಿದರೆ ಪಾಪವಲ್ಲ, ಮಾಡದಿದ್ದರೂ ಪಾಪವಲ್ಲ, ಇದೆಲ್ಲ ಸಭೆಯ ಕಟ್ಟಳೆಯಲ್ಲ, ಮನೆಗಳ ರೂಢಿ ಎಂದರು. ನಿಮ್ಮ ಮನಸ್ಸು ಹೇಳಿದ ಹಾಗೆ ಮಾಡಿ ಎಂದೂ ಸೇರಿಸಿದರು.

“ಅಚ್ಚಾ, ಬಂಡೆಗಲ್ಲು ಮುಚ್ಚಿದ ಗೋರಿಯಿಂದ ಕರ್ತ ಎದ್ದು ಬಂದ ಅಂತ ನಂಬ್ತೀವಿ,” ಎಂದಳು ಎಲ್ಸಿ. “ನನ್ನ ಗಂಡ ಒಂದು ಬಸ್ಸು ಇಳಿದು ಬರ್ತಾನೆ ಅಂತ ನಂಬಿದರೆ ಯಾಕೆ ಎಲ್ಲರೂ ನನ್ನ ಮುಖ ಹಾಗೆ ನೋಡ್ತಾರೆ?”

ಪಾದ್ರಿಯವರು ಕೈಯಲ್ಲಿದ್ದ ಗರಿಯನ್ನು ಸೀಳುತ್ತ ನಿಂತರು. ಒಳ್ಳೆಯ ಮನುಷ್ಯರೇ. ಪ್ರಾರ್ಥನೆ ಮಾಡುತ್ತೇನೆ ಎಂದರು.

ಮನೆಯಲ್ಲಿ ಉಳಿದ ಹಿರಿಯರು ಅಮ್ಮಚ್ಚಿ ಒಬ್ಬರೇ, ಚಾಕೋಚ್ಚನ ತಾಯಿ. ಎಂಬತ್ತು ದಾಟಿದ್ದರೂ ಈಸ್ಟರಿಗೆ ಮುಂಚಿನ ಐವತ್ತು ದಿನಗಳ ವ್ರತದಲ್ಲಿ ಮೀನು ಮಾಂಸವಿರಲಿ, ಹಾಲಿನ ಚಹಾವನ್ನೂ ಮುಟ್ಟದವರು. ಕಿರಿಯ ಮಗನಿಗೆ ಮನೆ, ಮನೆಯ ಜೊತೆ ತಾಯಿ ಎಂಬ ರೂಢಿಯಂತೆ ಅವರು ಇದ್ದದ್ದು ಚಾಕೋಚ್ಚನ ಜೊತೆ. ಹಿರಿಯ ಮಗ, ಎಲ್ಸಿ ಅಚ್ಚಾಯ ಎಂದು ಕರೆಯುವ ಭಾವ ವರ್ಕಿಚ್ಚನ್, ಚರ್ಚಿನ ಹತ್ತಿರ ಬೇರೆ ಮನೆ ಕಟ್ಟಿಕೊಂಡಿದ್ದ. ಚಾಕೋಚ್ಚನ್ ಹೋದ ದಿನದಿಂದ ಅಮ್ಮಚ್ಚಿ ಅವನ ಸುದ್ದಿ ಎತ್ತಿದವರಲ್ಲ. ಅತ್ತದ್ದೂ ಮೊದಲ ವಾರ ಮಾತ್ರ. ಆಮೇಲೆ ಜಪಮಾಲೆ ಹಿಡಿದು ವರಾಂಡದ ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಮೌನವನ್ನು ಎಲ್ಸಿ ತನ್ನ ಪಾಲಿನ ಮೌನವೆಂದೇ ತಿಳಿದಿದ್ದಳು. ಹೆತ್ತವಳು ಮಗನನ್ನು ಅಷ್ಟು ಬೇಗ ಬಿಟ್ಟುಕೊಡುತ್ತಾಳೆಯೇ? ಈ ಊರಿನಲ್ಲಿ ಅವನು ಬದುಕಿದ್ದಾನೆಂದು ನಂಬುವವರು ಇಬ್ಬರಾದರೂ ಇದ್ದೇವೆ ಎಂಬ ಧೈರ್ಯದಲ್ಲೇ ಅವಳು ನಿನ್ನೆ ರಾತ್ರಿ ಉದ್ದು ಅಳೆದು ನೀರಿಗೆ ಹಾಕಿದ್ದು. ಹಾಕುವಾಗ ಅಮ್ಮಚ್ಚಿ ನೋಡಿದರು, ಏನೂ ಅನ್ನಲಿಲ್ಲ.

ಉದ್ದು ಅರೆಯುತ್ತಿದ್ದಾಗ ಟಿಂಟು ಬಂದು, ತೆಂಗಿನತುರಿಯನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಳ್ಳುತ್ತ ಕಟ್ಟೆಗೆ ಒರಗಿ ನಿಂತಳು. ಎಂಟನೆಯ ಕ್ಲಾಸಿನ ಹುಡುಗಿ. ಅಪ್ಪನ ಹಾಗೇ ಮಾತು ಕಮ್ಮಿ, ಕೇಳಿದರೆ ಮಾತ್ರ ಬೇರಿಗೇ ಕೈಹಾಕುವ ಪ್ರಶ್ನೆ.

“ಅಮ್ಮ, ಕತ್ತರಿಸೋದು ಯಾರು?”

ಎಲ್ಸಿ ಗ್ರೈಂಡರ್ ನಿಲ್ಲಿಸಿದಳು. ಈ ಪ್ರಶ್ನೆಯನ್ನು ಅವಳು ಬೆಳಗಿನಿಂದ ಮೂಲೆಗೆ ತಳ್ಳಿ ತಳ್ಳಿ ಇಟ್ಟಿದ್ದಳು. ಕತ್ತರಿಸಬೇಕಾದವನು ಮನೆಯ ಗಂಡಸು. ಕಳೆದ ವರ್ಷ ಚಾಕೋಚ್ಚನ್ ತಲೆಯ ಮೇಲೆ ಟವೆಲು ಕಟ್ಟಿಕೊಂಡು, ಪ್ರಾರ್ಥನೆಯ ನಡುವೆ ಒಂದು ಸಾಲು ಮರೆತಾಗ ಅಮ್ಮಚ್ಚಿ ಹಿಂದಿನಿಂದ ಹೇಳಿಕೊಟ್ಟಿದ್ದರು. ಈಗ ಉಳಿದಿರುವ ಗಂಡಸೆಂದರೆ ವರ್ಕಿಚ್ಚನ್ ಒಬ್ಬನೇ. ತಮ್ಮನ ಆತ್ಮಶಾಂತಿಗೆ ಒಂದು ಪೂಜೆ ಮಾಡಿಸಿಬಿಡೋಣ ಎಂದು ಎರಡು ತಿಂಗಳಿನಿಂದ ಸುತ್ತುಬಳಸಿ ಹೇಳುತ್ತಿದ್ದವನು. ಅವನನ್ನು ಕೇಳುವುದೆಂದರೆ ಹೋಗಿ ಹೋಗಿ ಎದುರು ಪಕ್ಷದ ವಕೀಲನ ಕಾಲು ಹಿಡಿದ ಹಾಗೆ. ಆದರೂ ಎಲ್ಸಿ ಕೈ ತೊಳೆದು ಫೋನ್ ಮಾಡಿದಳು.

ಅಚ್ಚಾಯಾ, ಸಂಜೆ ಚರ್ಚು ಮುಗಿದ ಮೇಲೆ ಸ್ವಲ್ಪ ಈ ಕಡೆ ಬರಬೇಕು ಎಂದಳು. ಆ ಕಡೆಯಿಂದ ವರ್ಕಿಚ್ಚನ್, ಬರೋದು ಅಂತಲೇ ಇದ್ದೀನಿ ಎಲ್ಸಿ, ನೀನು ಹೇಳಬೇಕಾ, ನಾನೂ ಮೋನಮ್ಮನೂ ಇಬ್ಬರೂ ಬರ್ತೀವಿ ಎಂದ. ಅವನ ದನಿ ಎಂದಿಲ್ಲದಷ್ಟು ಮೆತ್ತಗಿತ್ತು. ಎಲ್ಸಿಗೆ ಕಣ್ಣು ತುಂಬಿ ಬಂತು. ಗಡಸು ಮನುಷ್ಯ ಎಂದು ತಾನೇ ಸುಮ್ಮನೆ ತಪ್ಪು ತಿಳಿದಿದ್ದೆ ಅಂದುಕೊಂಡಳು. ಬೆಲ್ಲ ಕರಗಿಸುವುದಕ್ಕೆ ಇಟ್ಟು, ಹಾಲಿಗೆ ಏಲಕ್ಕಿ ಶುಂಠಿ ಕುಟ್ಟುತ್ತ, ಎಷ್ಟೋ ತಿಂಗಳ ಮೇಲೆ ಮಗಳನ್ನು ಗದರಿದಳು: ತುರಿ ತಿಂದು ಮುಗಿಸಬೇಡ, ಹಾಲು ಹಿಂಡುವುದಕ್ಕೆ ಇರಲಿ.

ಸಂಜೆ ಚರ್ಚಿನಲ್ಲಿ ಕಾಲು ತೊಳೆಯುವ ಸೇವೆ. ಹನ್ನೆರಡು ಮಂದಿ ಗಂಡಸರು ಬೆಂಚಿನ ಮೇಲೆ ಸಾಲಾಗಿ ಕೂತು, ಬಲಗಾಲು ಮುಂದೆ ಚಾಚಿ, ಏನೋ ತಪ್ಪು ಮಾಡಿದವರ ಹಾಗೆ ಮುಖ ಮಾಡಿಕೊಂಡಿದ್ದರು. ಪಾದ್ರಿಯವರು ಮೊಣಕಾಲೂರಿ ಒಬ್ಬೊಬ್ಬರ ಪಾದ ತೊಳೆದು, ಒರೆಸಿ, ಮುತ್ತಿಟ್ಟರು. ಹಿಂದಿನ ವರ್ಷ ಆ ಸಾಲಿನಲ್ಲಿ ಚಾಕೋಚ್ಚನ್ ಇದ್ದ. ಗದ್ದೆಯ ಕೆಸರಿನಲ್ಲಿ ಒಡೆದ ಹಿಮ್ಮಡಿಯನ್ನು ಮೂರು ದಿನ ಕಲ್ಲಿನಲ್ಲಿ ಉಜ್ಜಿದ್ದ. ಪಾದ್ರಿಯ ತುಟಿ ಗೀರಿಬಿಟ್ಟರೆ ಏನು ಗತಿ ಎಂದು ಎಲ್ಸಿ ನಗಾಡಿದ್ದಳು. ಈ ವರ್ಷ ಅವನ ಜಾಗದಲ್ಲಿ ದೋಣಿ ರಿಪೇರಿಯ ಔತ ಕೂತಿದ್ದ. ಯಾರಾದರೂ ಕೂರಲೇಬೇಕಲ್ಲ, ಹನ್ನೊಂದು ಕಾಲು ತೊಳೆಯುವುದಕ್ಕಾಗುವುದಿಲ್ಲ. ಎಲ್ಸಿ ತನಗೆ ತಾನೇ ಹಾಗೆ ಸಮಾಧಾನ ಹೇಳಿಕೊಂಡಳು, ಸಮಾಧಾನವಾಗಲಿಲ್ಲ.

ಮನೆಗೆ ಬಂದವಳೇ ಒಲೆ ಹತ್ತಿಸಿ, ಹಬೆ ಪಾತ್ರೆಯಲ್ಲಿ ತಟ್ಟೆ ಇಳಿಸಿದಳು. ಹಿಟ್ಟಿನ ನಡುವೆ ಗರಿಯ ಶಿಲುಬೆಯನ್ನು ಒತ್ತಿಟ್ಟಳು. ಕಾಲುವೆಯ ಎರಡೂ ದಡದ ಮನೆಗಳಲ್ಲಿ ದೀಪ ಹತ್ತಿತ್ತು. ಎಲ್ಲ ಅಡುಗೆಮನೆಗಳಿಂದಲೂ ಅದೇ ಬೆಳ್ಳುಳ್ಳಿ, ಜೀರಿಗೆ, ಬೆಲ್ಲದ ವಾಸನೆ. ತನ್ನ ಮನೆಯ ವಾಸನೆಯೂ ಅದರೊಳಗೆ ಸೇರಿ ಹೋಗುತ್ತಿದೆ, ಬೇರೆಯಾಗಿ ನಿಂತಿಲ್ಲ ಎಂದು ಅವಳಿಗೆ ಹಿತವಾಯಿತು. ಅಮ್ಮಚ್ಚಿ ಬೆಳಗಿನಿಂದ ನೀರು ಬಿಟ್ಟು ಏನೂ ತಗೊಂಡಿರಲಿಲ್ಲ. ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಒರಗಿ ಕೂತಿದ್ದರು.

ವರ್ಕಿಚ್ಚನ್ ಬಂದ. ಹಿಂದೆ ಅವನ ಹೆಂಡತಿ ಮೋನಮ್ಮ. ಅವಳ ಕೈಯಲ್ಲಿ ಹೊಸ ಬಿಳಿಯ ಟವೆಲಿನಲ್ಲಿ ಸುತ್ತಿದ ಸ್ಟೀಲಿನ ಡಬ್ಬಿ, ಮೇಲೊಂದು ಮುಚ್ಚಳವಿರುವ ಹಾಲಿನ ಪಾತ್ರೆ. ಅದನ್ನು ಹಿಡಿದ ರೀತಿಯಲ್ಲೇ ಒಳಗೇನಿದೆಯೆಂದು ಎಲ್ಸಿಗೆ ತಿಳಿದುಹೋಯಿತು. ಸಾವಾದ ಮನೆಗೆ ಅವಳೂ ಎಷ್ಟೋ ಸಲ ಹಾಗೆಯೇ ಹಿಡಿದುಕೊಂಡು ಹೋಗಿದ್ದಳು.

ವರ್ಕಿಚ್ಚನ್ ಮೂಗರಳಿಸಿದ. ಅಡುಗೆಮನೆಯ ಕಡೆ ನೋಡಿದ. ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುವ ಮನುಷ್ಯ, ಚರ್ಚಿನ ಗೋಡೆಯ ಬಣ್ಣದಿಂದ ಹಿಡಿದು ಊರಿನ ಬಾತುಗಳ ಮೇವಿನವರೆಗೆ. ಈಗ ಅವನ ಬಾಯಿಗೆ ಬಂದದ್ದು ಇಷ್ಟೇ.

“ನೀನೂ ಮಾಡಿದ್ದೀಯಾ?”

“ಕತ್ತರಿಸೋಕೆ ಅಂತ ತಾನೇ ಅಚ್ಚಾಯನನ್ನ ಕರೆದದ್ದು.”

“ನಾನು ತರೋಕೆ ಅಂತ ಅಂದುಕೊಂಡೆ.”

ಮೋನಮ್ಮ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತಳು. ಅವಳೂ ಬೆಳಗಿನಿಂದ ಇದಕ್ಕಾಗಿ ಅರೆದವಳೇ, ಹಬೆಗೆ ಮುಖ ಕೊಟ್ಟವಳೇ. ಕೆಟ್ಟ ಮನಸ್ಸು ಯಾರದ್ದೂ ಅಲ್ಲ. ಅದೇ ಕಷ್ಟ. ಕೆಟ್ಟ ಮನಸ್ಸಿದ್ದರೆ ಬಾಗಿಲಿನಿಂದಲೇ ಹೊರಗೆ ಕಳಿಸಬಹುದಿತ್ತು.

ಇದನ್ನು ವಾಪಸ್ಸು ತಗೊಂಡು ಹೋಗಿ, ನಮ್ಮ ಮನೆಯಲ್ಲಿ ರೊಟ್ಟಿಯಿದೆ ಎಂದು ಎಲ್ಸಿ ಹೇಳಿದಳು. ವರ್ಕಿಚ್ಚನ್ ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ನನ್ನ ಮೇಲೆ ಸಿಟ್ಟಾಗಬೇಡ. ನಾನಾಗಿ ತರಲಿಲ್ಲ. ಭಾನುವಾರ ಅಮ್ಮಚ್ಚಿ ಫೋನ್ ಮಾಡಿಸಿದರು. ಈ ಸಲ ನಿನ್ನ ಮನೆಯಿಂದ ರೊಟ್ಟಿ ಬರಬೇಕು ಅಂದರು.”

ಎಲ್ಸಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕಾಲಿನ ಕೆಳಗಿನ ದೋಣಿಯನ್ನು ಯಾರೋ ಮೆಲ್ಲಗೆ ಎಳೆದುಕೊಂಡ ಹಾಗಾಯಿತು. ಅವಳು ಒಳಕೋಣೆಗೆ ಹೋಗಿ ಅಮ್ಮಚ್ಚಿಯ ಎದುರು ಕೂತಳು. ಅಮ್ಮಚ್ಚಿ ಜಪಮಾಲೆಯನ್ನು ಮಡಿಲಿಗೆ ಹಾಕಿಕೊಂಡು ತಾವೇ ಮಾತಾಡಿದರು, ಅಷ್ಟು ತಿಂಗಳು ಕಟ್ಟಿಟ್ಟ ಮಾತು.

“ನನ್ನ ಮಗ ಇದ್ದರೆ ಬರ್ತಿದ್ದ ಕಣೇ. ನನ್ನನ್ನ ಬಿಟ್ಟು ಹೋಗಿ ಎಲ್ಲೋ ಗಡ್ಡ ಬಿಟ್ಟುಕೊಂಡು ಬಸ್ ಸ್ಟಾಂಡಿನಲ್ಲಿ ಕೂರೋನಲ್ಲ ಅವನು. ನೀನು ಇವತ್ತು ರೊಟ್ಟಿ ಮಾಡಿದರೆ, ನಮ್ಮ ಕಳತ್ತಿಲ್ ಮನೆಯ ಚಾಕೋ, ತಾಯಿ ಹೆಂಡತಿ ಮಗಳನ್ನ ಬೇಡ ಅಂತ ಬಿಟ್ಟು ಹೋದ ಅಂತ ನೀನೇ ಊರಿಗೆ ಹೇಳಿದ ಹಾಗೆ. ಅವನು ಅಂಥೋನಾ? ನೀನೇ ಹೇಳು, ಅಂಥೋನಾ?”

“ಅಂಥೋರೇ ಆಗಿರಲಿ ಅಮ್ಮಚ್ಚಿ,” ಎಂದಳು ಎಲ್ಸಿ. “ನನ್ನ ಮುಖ ನೋಡೋಕಾಗದೆ ಹೋಗಿದ್ದರೂ ಹೋಗಿರಲಿ. ಇನ್ನೊಂದು ಮನೆ ಮಾಡಿಕೊಂಡಿದ್ದರೂ ಮಾಡಿಕೊಂಡಿರಲಿ. ಎಲ್ಲಾದರೂ ಇರಲಿ. ಅಷ್ಟೇ ಸಾಕು ನನಗೆ.”

“ನನಗೆ ಸಾಲದು,” ಎಂದರು ಅಮ್ಮಚ್ಚಿ.

ಇಬ್ಬರೂ ಮುಖಮುಖ ನೋಡಿಕೊಂಡು ಕೂತರು. ಒಬ್ಬನನ್ನೇ ಪ್ರೀತಿಸಿದ ಇಬ್ಬರು ಹೆಂಗಸರು. ಒಬ್ಬಳಿಗೆ ಅವನು ಒಳ್ಳೆಯವನಾಗಿ ಸಾಯಬೇಕಿತ್ತು, ಇನ್ನೊಬ್ಬಳಿಗೆ ಕೆಟ್ಟವನಾಗಿಯಾದರೂ ಬದುಕಬೇಕಿತ್ತು. ಅಮ್ಮಚ್ಚಿಯ ಮೇಲೆ ಕೋಪ ಮಾಡಿಕೊಳ್ಳಲು ಎಲ್ಸಿ ಪ್ರಯತ್ನಪಟ್ಟಳು. ಮುದುಕಿಯ ತುಟಿ ಒಣಗಿ ಬಿಳಿಚಿತ್ತು, ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಕೋಪ ಬರಲಿಲ್ಲ. ಅತ್ತು ಕರೆದು ಗಲಾಟೆ ಮಾಡಿದರೆ ಗೆಲ್ಲಬಹುದೆಂದು ಅವಳಿಗೆ ಅನ್ನಿಸಲೂ ಇಲ್ಲ. ಗೆದ್ದರೂ ಗೆದ್ದದ್ದು ಏನನ್ನು?

ಟಿಂಟು ಬಾಗಿಲಿಗೆ ಬಂದು, ಅಮ್ಮ, ಹಬೆ ಪಾತ್ರೆಯ ನೀರು ಇಂಗುತ್ತಿದೆ ಎಂದಳು. ಎಲ್ಸಿ ಎದ್ದು ಹೋಗಿ ಒಲೆ ಆರಿಸಿದಳು. ಮುಚ್ಚಳ ತೆರೆದು ನೋಡಿದಳು. ರೊಟ್ಟಿ ಚೆನ್ನಾಗಿಯೇ ಬೆಂದಿತ್ತು. ಎಲ್ಲೂ ಬಿರುಕಿಲ್ಲ, ಶಿಲುಬೆ ವಾರೆಯಾಗಿರಲಿಲ್ಲ. ಅವಳು ಮದುವೆಯಾಗಿ ಬಂದ ಮೇಲೆ ಇಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಮತ್ತೆ ಮುಚ್ಚಳ ಮುಚ್ಚಿದಳು. ಒಂದು ಮನೆಯಲ್ಲಿ ಎರಡು ರೊಟ್ಟಿ ಕತ್ತರಿಸಿದ್ದನ್ನು ಅವಳು ಕಂಡಿರಲಿಲ್ಲ, ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಇದನ್ನು ಏನು ಮಾಡಬೇಕೆಂದು ಆಮೇಲೆ ನೋಡಿದರಾಯಿತು.

ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿದ್ದರು. ಎಲ್ಸಿ ಬಂದು ಮಗಳ ಪಕ್ಕ ಕೂತಳು. ಬಾ ಎಂದು ಯಾರೂ ಕರೆದಿರಲಿಲ್ಲ. ಬರದಿದ್ದರೆ ಮುದುಕಿ ಉಪವಾಸ ಮುರಿಯುತ್ತಿರಲಿಲ್ಲ, ಅಷ್ಟೇ. ಮೋನಮ್ಮ ಡಬ್ಬಿ ಬಿಚ್ಚಿದಳು. ವರ್ಕಿಚ್ಚನ್ ಪ್ರಾರ್ಥನೆ ಶುರುಮಾಡಿದ. ಒಂದು ಸಾಲೂ ಮರೆಯಲಿಲ್ಲ. ಹಿಂದಿನಿಂದ ಹೇಳಿಕೊಡುವ ಕೆಲಸ ಯಾರಿಗೂ ಬೀಳಲಿಲ್ಲ. ಈ ಮನೆಯಿಂದ ಕರೆಸಿಕೊಂಡ ಆತ್ಮಗಳು ಎನ್ನುವಲ್ಲಿಗೆ ಬಂದಾಗ ಅವನ ದನಿ ಸ್ವಲ್ಪ ತಡೆಯಿತು. ಹೆಸರು ಹೇಳದೆ ಮುಂದೆ ಹೋದ. ಅಷ್ಟು ಕರುಣೆ ಅವನು ತೋರಿಸಿದನೆಂದು ಎಲ್ಸಿ ಗಮನಿಸಿದಳು.

ಆಮೇಲೆ ಕತ್ತರಿಸಿದ. ಮೊದಲ ತುಂಡು ಅಮ್ಮಚ್ಚಿಗೆ. ಎರಡೂ ಕೈ ಚಾಚಿ ತಗೊಂಡರು. ಎರಡನೆಯದು ಮೋನಮ್ಮನಿಗೆ. ಮೂರನೆಯದನ್ನು ಹಿಡಿದು ಎಲ್ಸಿಯ ಕಡೆ ತಿರುಗಿದ.

ಬೇಡ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ಆದರೆ ಬುದ್ಧಿ ತಿಳಿಯುವ ಮೊದಲಿನಿಂದ, ಅಪ್ಪನ ಮನೆಯಲ್ಲಿ, ಅಜ್ಜನ ಮನೆಯಲ್ಲಿ, ಈ ಮನೆಯಲ್ಲಿ, ಈ ಗುರುವಾರ ಹೀಗೆ ಯಾರೋ ರೊಟ್ಟಿ ಹಿಡಿದು ಬಾಗಿದಾಗಲೆಲ್ಲ ಚಾಚಿದ ಕೈಗಳು ಅವು. ಅವಳನ್ನು ಕೇಳದೆ ತಾವಾಗಿಯೇ ಎದ್ದವು. ತುಂಡು ಬಾಯಿಗೆ ಹೋಯಿತು. ಉಪ್ಪು ಒಂದು ಚೂರು ಕಮ್ಮಿ. ಮೋನಮ್ಮನ ಕೈ ಯಾವಾಗಲೂ ಹಾಗೆ. ಗಂಟಲಿನಿಂದ ಇಳಿಯುವಾಗ ಎಲ್ಸಿಗೆ, ತಾನೂ ಹೇಳಿಬಿಟ್ಟೆ, ತಾನೂ ಅವನು ಸತ್ತ ಎಂದುಬಿಟ್ಟೆ ಎನ್ನಿಸಿತು. ಯಾರೂ ಅವಳ ಕೈ ಹಿಡಿದು ತಿನ್ನಿಸಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಟಿಂಟು ತನ್ನ ತುಂಡನ್ನು ಹಿಡಿದುಕೊಂಡು ಅಮ್ಮನ ಮುಖವನ್ನೇ ನೋಡಿ, ಅಮ್ಮ ತಿಂದದ್ದನ್ನು ಕಂಡ ಮೇಲೆ ತಾನೂ ತಿಂದಳು.

ವರ್ಕಿಚ್ಚನ್ ತನ್ನ ತುಂಡು ತೆಗೆದುಕೊಂಡು, ಚಾಕು ಒರೆಸಿಟ್ಟು, ಹಾಲಿನ ಪಾತ್ರೆಗೆ ಕೈಹಾಕಿದ.

“ಇನ್ನೊಂದು ತುಂಡು ಕೊಡು,” ಎಂದರು ಅಮ್ಮಚ್ಚಿ.

ಹಸಿದಿದ್ದಾರೆ ಎಂದು ಅವನು ತಿಳಿದ. ಹಾಲಿನಲ್ಲಿ ಅದ್ದಿಕೊಡಲಾ, ಗಂಟಲಿಗೆ ಸುಲಭವಾಗುತ್ತೆ ಎಂದು ಕೇಳಿದ.

“ನನಗಲ್ಲ,” ಎಂದರು ಅವರು, ಉಪ್ಪಿನ ಬಟ್ಟಲು ಈ ಕಡೆ ಕೊಡು ಎನ್ನುವಷ್ಟು ಸಹಜವಾಗಿ. “ಚಾಕೋಗೆ.”

ಊರಿನಲ್ಲಿಲ್ಲದ ಮಕ್ಕಳ ಪಾಲು ತೆಗೆದಿಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ದೋಹಾದಲ್ಲಿ ನರ್ಸಾಗಿರುವ ಮಗಳಿಗೆ, ಹಡಗಿನ ಕೆಲಸದ ಅಳಿಯನಿಗೆ, ಎಲೆಯಲ್ಲಿ ಸುತ್ತಿ ಇಡುತ್ತಾರೆ. ಹೋಗುವವರ ಕೈಯಲ್ಲಿ ಕಳಿಸುತ್ತಾರೆ, ಹೋಗುವವರು ಸಿಗದಿದ್ದರೆ ಒಣಗಿಸಿ ಅವರು ಬರುವವರೆಗೆ ಕಾಯುತ್ತಾರೆ. ಸತ್ತವರಿಗೆ ಮಾತ್ರ ಯಾರೂ ತೆಗೆದಿಡುವುದಿಲ್ಲ.

ಮೋನಮ್ಮ ತಲೆ ತಗ್ಗಿಸಿದಳು. ವರ್ಕಿಚ್ಚನ್ ಚಾಕು ಎತ್ತಿಕೊಂಡ. ಅದರ ಅಲಗು ರೊಟ್ಟಿಯನ್ನು ಮುಟ್ಟಿ ಅಲ್ಲೇ ನಿಂತಿತು. ಅವನು ಎಲ್ಸಿಯ ಕಡೆ ನೋಡಿದ, ಕತ್ತರಿಸಲೋ ಬೇಡವೋ ಎಂದು ಅವಳೇ ಹೇಳಬೇಕು ಎನ್ನುವ ಹಾಗೆ.

ಅಮ್ಮಚ್ಚಿ ಯಾರನ್ನೂ ನೋಡುತ್ತಿರಲಿಲ್ಲ. ಇನ್ನೂ ಬಾಯಿಗಿಡದ ತಮ್ಮ ತುಂಡನ್ನು ಬಲಗೈಯಲ್ಲಿ ಮುಚ್ಚಿ ಹಿಡಿದಿದ್ದರು. ಎಡಗೈ ಬಿಳಿಯ ಬಟ್ಟೆಯ ಮೇಲೆ ಚಾಚಿಯೇ ಇತ್ತು.